ಕಳೆದುಹೋಗದ ಊರಿಗೆ ಒಂದು ಪ್ಲಾನು

ಪೆರು ದೇಶಕ್ಕೆ ಹೋಗ್ಬೇಕು, ಇಂಕಾ ಜನ ಕಟ್ಟಿದ ಜಾಗಗಳನ್ನು ನೋಡ್ಬೇಕು ಅಂತ ಬಾಯಿ ಬಿಟ್ಟರೆ ಸಾಕು, ಎರಡು ಸಲಹೆ ಬಂದೇ ಬರುತ್ತವೆ. ಒಂದು, ಮಾಚು ಪಿಚು ಟಿಕೆಟ್ ಈಗಲೇ ತಗೊಳ್ಳಿ. ಎರಡು, ಹೋಗೋ ಮುಂಚೆ ಹೈರಮ್ ಬಿಂಗ್‌ಹ್ಯಾಮ್ ಬರೆದ 'ಲಾಸ್ಟ್ ಸಿಟಿ ಆಫ್ ದಿ ಇಂಕಾಸ್' ಓದಿ. ಮೊದಲನೇ ಸಲಹೆ ಬಗ್ಗೆ ತಕರಾರಿಲ್ಲ. ಈ ಬರಹ ಎರಡನೆಯದರ ಬಗ್ಗೆ.

ಮುಂದಿನ ಜೂನ್‌ನಲ್ಲಿ ನಾನು, ನನ್ನ ಹೆಂಡತಿ ಎರಡು ವಾರ ಆಂಡಿಸ್ ಪರ್ವತದ ಕಡೆ ಹೋಗೋದು ಅಂತ ತೀರ್ಮಾನ ಮಾಡಿದೀವಿ. ಬೆಂಗಳೂರಿಂದ ಕುಸ್ಕೊಗೆ ಹೋಗಿ ಬರೋದು ಗೋವಾಕ್ಕೆ ಹೋಗಿ ಬಂದ ಹಾಗಲ್ಲ. ಎರಡು ಮೂರು ವಿಮಾನ ಬದಲಿಸಬೇಕು, ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ. ಎಷ್ಟೋ ತಿಂಗಳ ಉಳಿತಾಯ ಒಂದೇ ಏಟಿಗೆ ಖಾಲಿ. ಬಹುಶಃ ಜೀವನದಲ್ಲಿ ಒಂದೇ ಸಲ ಆಗೋ ಪ್ರವಾಸ. ಹಾಗಾಗಿ ಎಕ್ಸೆಲ್ ಶೀಟ್ ಮುಂದಿಟ್ಟುಕೊಂಡು ಸಿಕ್ಕ ಸಿಕ್ಕ ಪ್ಯಾಕೇಜುಗಳನ್ನೆಲ್ಲ ಹೋಲಿಸಿ ನೋಡಿದೆ. ಎಲ್ಲದರ ಕಥೆಯೂ ಒಂದೇ: ಲಿಮಾದಲ್ಲಿ ಇಳಿ, ಕುಸ್ಕೊಗೆ ಹಾರು, ದಾರಿಯಲ್ಲಿ ನಾಲ್ಕು ಪಾಳು ನೋಡು, ಕೊನೆಗೆ ಮೋಡದೊಳಗಿಂದ ಮಾಚು ಪಿಚು ಕಾಣಿಸಿಕೊಳ್ಳುತ್ತೆ, ಫೋಟೋ ಹೊಡಿ, ವಾಪಸ್ ಬಾ. ಮಾಚು ಪಿಚು ಕ್ಲೈಮ್ಯಾಕ್ಸು, ಮಿಕ್ಕಿದ್ದೆಲ್ಲ ಟ್ರೈಲರು.

ಈ ಚಿತ್ರಕಥೆ ಬರೆದವರು ಯಾರು ಅಂತ ಹುಡುಕಿದರೆ ಕಾಲು ಬಂದು ನಿಲ್ಲೋದು 1948ರಲ್ಲಿ ಬಂದ ಬಿಂಗ್‌ಹ್ಯಾಮ್‌ನ ಪುಸ್ತಕದ ಹತ್ತಿರ. ಅಲ್ಲಿಗೆ ಹೋಗುವ ಪ್ರವಾಸಿಗಳಲ್ಲಿ ಬಹಳಷ್ಟು ಜನ ಆ ಪುಸ್ತಕ ಓದಿರಲಿಕ್ಕಿಲ್ಲ. ಆದರೂ ಅದರ ಪ್ಲಾಟಿನಲ್ಲೇ ನಡೀತಾರೆ. ತಪ್ಪಲಿನಿಂದ ಮಾಚು ಪಿಚುಗೆ ಬಸ್ಸು ಹತ್ತುವ ಹಾವಿನಂಥ ರಸ್ತೆಗೆ ಅವನ ಹೆಸರು. ಕುಸ್ಕೊ ಕಡೆಯಿಂದ ಹೋಗುವ ಐಷಾರಾಮಿ ರೈಲಿಗೂ ಅವನದೇ ಹೆಸರು. ಆದ್ದರಿಂದ ಈ ಪುಸ್ತಕವನ್ನು ವಿಮರ್ಶೆ ಮಾಡೋದೂ ನಮ್ಮ ಪ್ರವಾಸದ ಪ್ಲಾನನ್ನು ವಿಮರ್ಶೆ ಮಾಡೋದೂ ಹೆಚ್ಚುಕಡಿಮೆ ಒಂದೇ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಬಿಂಗ್‌ಹ್ಯಾಮ್‌ಗೆ ಕಥೆ ಹೇಳೋಕೆ ಬರುತ್ತೆ. 1911ರ ಜುಲೈ 24ರ ಬೆಳಗ್ಗೆ ಸಣ್ಣ ಮಳೆ, ಚಳಿ. ಯೇಲ್ ವಿಶ್ವವಿದ್ಯಾಲಯದಿಂದ ಬಂದ ತಂಡದಲ್ಲಿ ಒಬ್ಬನಿಗೂ ಗುಡ್ಡ ಹತ್ತುವ ಮನಸ್ಸಿಲ್ಲ. ಪ್ರಾಣಿಶಾಸ್ತ್ರದವನು ನದಿ ಪಕ್ಕದಲ್ಲೇ ಚಿಟ್ಟೆ ಜಾಸ್ತಿ ಇದಾವೆ ಅಂತಾನೆ, ಡಾಕ್ಟರು ಬಟ್ಟೆ ಒಗೀಬೇಕು ಅಂತಾನೆ. ಕೊನೆಗೆ ಹೊರಡೋದು ಮೂರೇ ಜನ. ಬಿಂಗ್‌ಹ್ಯಾಮ್, ಕಾವಲಿಗೆ ಕೊಟ್ಟಿದ್ದ ಸಾರ್ಜೆಂಟ್ ಕರಾಸ್ಕೊ, ದಾರಿ ತೋರಿಸೋಕೆ ಒಂದು ದಿನಕ್ಕೆ ಒಂದು ಸೋಲ್ ಕೂಲಿಗೆ ಒಪ್ಪಿದ ಮೆಲ್ಚೋರ್ ಆರ್ತೇಗ. ಭೋರ್ಗರೆಯುವ ಉರುಬಂಬಾ ನದಿಯ ಮೇಲೆ ಕಟ್ಟಿದ್ದ ಮರದ ದಿಮ್ಮಿಗಳ ಸೇತುವೆಯನ್ನು ಬಿಂಗ್‌ಹ್ಯಾಮ್ ಅಂಬೆಗಾಲಲ್ಲಿ ದಾಟುವ ಭಾಗ ಓದುವಾಗ ನಮಗೂ ಅಂಗೈ ಬೆವರುತ್ತೆ. ಓದಿಸಿಕೊಂಡು ಹೋಗುವ ಗುಣದಲ್ಲಿ ಪುಸ್ತಕಕ್ಕೆ ಪೂರ್ತಿ ಮಾರ್ಕ್ಸ್ ಕೊಡಬೇಕು.

ತಕರಾರು ಶುರುವಾಗೋದು ಅವನು ಮೇಲೆ ಹತ್ತಿದ ಮೇಲೆ. ಅಲ್ಲಿ ಅವನಿಗೆ ಮೊದಲು ಸಿಗೋದು ದೇವಸ್ಥಾನವೂ ಅಲ್ಲ, ಅರಮನೆಯೂ ಅಲ್ಲ. ಒಂದು ಹುಲ್ಲಿನ ಗುಡಿಸಲು. ರಿಚಾರ್ತೆ, ಆಲ್ವಾರೆಸ್ ಅಂತ ಇಬ್ಬರು ರೈತರು ಸೋರೆ ಬುರುಡೆಯಲ್ಲಿ ತಣ್ಣಗಿನ ನೀರು ಕೊಡ್ತಾರೆ, ಬೇಯಿಸಿದ ಗೆಣಸು ಕೊಡ್ತಾರೆ. ಇಂಕಾಗಳ ಕಾಲದ ಮೆಟ್ಟಿಲು ಹೊಲಗಳನ್ನು ಸವರಿ ಅಲ್ಲೇ ಬೆಳೆ ತೆಗೀತಿದಾರೆ, ನಾಲ್ಕು ವರ್ಷದಿಂದ ಅಲ್ಲೇ ಸಂಸಾರ. ಅಷ್ಟು ಕಡಿದಾದ ಜಾಗದಲ್ಲಿ ಯಾಕಿದ್ದರು ಅನ್ನೋದಕ್ಕೆ ಬಿಂಗ್‌ಹ್ಯಾಮ್‌ನೇ ಒಂದು ಕಾರಣ ಕೊಡ್ತಾನೆ. ಕಂದಾಯ ವಸೂಲಿಗೆ, ಸೈನ್ಯಕ್ಕೆ ಆಳು ಹಿಡಿಯೋಕೆ ಬರುವ ಅಧಿಕಾರಿಗಳ ಕಾಟ ಅಲ್ಲಿರಲಿಲ್ಲ. ಆರ್ತೇಗ ಈ ರೈತರ ಜೊತೆ ಹರಟೆಗೆ ಕೂರ್ತಾನೆ. ಅವನಿಗೇನು, ಮುಂಚೆಯೇ ನೋಡಿದ ಜಾಗ. ಮುಂದಕ್ಕೆ ಬಿಂಗ್‌ಹ್ಯಾಮ್‌ನ ಕೈ ಹಿಡಿದು ಕರ್ಕೊಂಡು ಹೋಗೋದು ಒಬ್ಬ ಪುಟ್ಟ ಹುಡುಗ. ಪುಸ್ತಕದಲ್ಲಿ ಆ ಹುಡುಗನಿಗೆ ಹೆಸರಿಲ್ಲ.

ಇಷ್ಟನ್ನೂ ಬರೆದ ಮನುಷ್ಯ ಪುಸ್ತಕದ ಮೇಲೆ ಇಟ್ಟ ಹೆಸರು 'ಕಳೆದುಹೋದ ನಗರ'! ಹೊದಿಕೆ ಒಂದು ಹೇಳುತ್ತೆ, ಒಳಗಿನ ಪುಟ ಇನ್ನೊಂದು ಹೇಳುತ್ತೆ. ಗೆಣಸು ಬೇಯ್ತಾ ಇರುವ ಊರು ಕಳೆದುಹೋಗಿದ್ದು ಹೇಗೆ? ನಾನು ಹುಟ್ಟಿ ಬೆಳೆದ ಹಳ್ಳಿ ಗೂಗಲ್ ಮ್ಯಾಪಿನಲ್ಲಿ ಸರಿಯಾದ ಹೆಸರಿನಿಂದ ಕಾಣಿಸೋಕೆ ಶುರುವಾಗಿದ್ದು ತೀರಾ ಈಚೆಗೆ. ಅದಕ್ಕೂ ಮುಂಚೆ ನಾವ್ಯಾರೂ ಕಳೆದುಹೋಗಿರಲಿಲ್ಲ, ಹೊಲ ಉಳುತ್ತಿದ್ದೆವು. 'ಕಳೆದುಹೋದ' ಅನ್ನುವ ಶಬ್ದ ಊರಿನ ಬಗ್ಗೆ ಏನೂ ಹೇಳೋದಿಲ್ಲ. ಹುಡುಕಿಕೊಂಡು ಬಂದವನು ಎಲ್ಲಿಂದ ಬಂದ ಅನ್ನೋದನ್ನು ಮಾತ್ರ ಹೇಳುತ್ತೆ. ನಮಗೆ ಇದು ಹೊಸದೇನಲ್ಲ. ವಿಜಯನಗರದ ಬಗ್ಗೆ ರಾಬರ್ಟ್ ಸೀವೆಲ್ 1900ರಲ್ಲಿ ಬರೆದ ಪುಸ್ತಕದ ಹೆಸರು 'ಎ ಫರ್ಗಾಟನ್ ಎಂಪೈರ್'. ಮರೆತವರು ಯಾರು? ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ದೀಪ ಹಚ್ಚುತ್ತಿದ್ದವರಂತೂ ಅಲ್ಲ.

ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ ಇದೆ. ಕೋಡಿನ ಈಗಿನ ರೂಪ ಓದಿ ಸುಮ್ಮನಾಗಬಾರದು, ಹಳೆಯ ವರ್ಷನ್ ಜೊತೆ ಇಟ್ಟು ಏನು ಸೇರಿದೆ, ಏನು ಅಳಿಸಿದಾರೆ ಅಂತ ನೋಡಬೇಕು. ಬಿಂಗ್‌ಹ್ಯಾಮ್‌ಗೂ ಹಾಗೇ ಮಾಡಬಹುದು, ಯಾಕಂದ್ರೆ ಒಂದೇ ಕಥೆಯನ್ನು ಅವನು ಮತ್ತೆ ಮತ್ತೆ ಬರೆದ. ಮಾಚು ಪಿಚುವಿನ ಒಂದು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದ ಹೆಸರು ಅವನ ಕಣ್ಣಿಗೆ ಬಿದ್ದಿತ್ತು: ಲಿಸಾರಾಗ, 1902. ಆಗುಸ್ತಿನ್ ಲಿಸಾರಾಗ ಆ ಕಣಿವೆಯಲ್ಲೇ ವ್ಯವಸಾಯ ಮಾಡಿಕೊಂಡಿದ್ದವನು. ಈ ಜಾಗ ಕಂಡುಹಿಡಿದವನು ಇವನೇ, ಸೇತುವೆ ಹತ್ತಿರ ಇದಾನೆ ಅಂತ ಬಿಂಗ್‌ಹ್ಯಾಮ್ ತನ್ನ ಜೇಬಿನ ಡೈರಿಯಲ್ಲಿ ಬರ್ಕೊಂಡಿದ್ದ. 1922ರ 'ಇಂಕಾ ಲ್ಯಾಂಡ್' ಪುಸ್ತಕದಲ್ಲೂ ಅವನ ಪ್ರಸ್ತಾಪ ಇದೆ. 1948ರ ಪುಸ್ತಕದ ಹೊತ್ತಿಗೆ ಆ ಹೆಸರು ಡಿಲೀಟ್ ಆಗಿದೆ.

ಇನ್ನೊಂದು ಬದಲಾವಣೆ ಇದಕ್ಕಿಂತ ಸೂಕ್ಷ್ಮ. 1911ರ ಆ ದಿನ ಬಿಂಗ್‌ಹ್ಯಾಮ್ ಮಾಚು ಪಿಚುವಿನಲ್ಲಿ ಇದ್ದದ್ದು ಕೆಲವೇ ಗಂಟೆ. ಆಮೇಲೆ ಮುಂದಕ್ಕೆ ಹೊರಟುಬಿಟ್ಟ. ಸ್ಪ್ಯಾನಿಷರ ವಿರುದ್ಧ ದಂಗೆಯೆದ್ದ ಇಂಕಾ ದೊರೆಗಳು 1572ರವರೆಗೆ ನೆಲೆ ನಿಂತಿದ್ದ ವಿಲ್ಕಬಂಬಾ ಅವನಿಗೆ ಬೇಕಾಗಿತ್ತು. ಅದೇ ಆಗಸ್ಟ್‌ನಲ್ಲಿ ಎಸ್ಪಿರಿತು ಪಾಂಪಾ ಅನ್ನುವ ಕಾಡಿನ ಜಾಗಕ್ಕೂ ಹೋದ, ಒಂದಷ್ಟು ಗೋಡೆ ನೋಡಿದ, ಇದು ದೊಡ್ಡ ಊರಿರಲಿಕ್ಕಿಲ್ಲ ಅಂದುಕೊಂಡು ವಾಪಸ್ ಬಂದ. ಹಾಗಾದ್ರೆ ವಿಲ್ಕಬಂಬಾ ಯಾವುದು? ಅಷ್ಟು ಚೆಂದದ ಮಾಚು ಪಿಚುವೇ ಇರಬೇಕು! ಇಂಕಾ ವಂಶದ ಮೂಲಸ್ಥಾನವೂ ಅದೇ, ಕೊನೆಯ ಆಸರೆಯೂ ಅದೇ ಅಂತ ಸಾಯೋವರೆಗೂ ವಾದಿಸಿದ. ಎರಡೂ ನಿಲ್ಲಲಿಲ್ಲ. 1964ರಲ್ಲಿ ಜೀನ್ ಸವೊಯ್ ಎಸ್ಪಿರಿತು ಪಾಂಪಾದ ಕಾಡು ಸವರಿಸಿದ ಮೇಲೆ ನಿಜವಾದ ವಿಲ್ಕಬಂಬಾ ಅದೇ ಅನ್ನೋದು ಗಟ್ಟಿಯಾಯ್ತು. ಅಂದ್ರೆ ಬಿಂಗ್‌ಹ್ಯಾಮ್ ತಾನು ಹುಡುಕಿ ಹೊರಟಿದ್ದ ಊರಿನಲ್ಲೇ ನಿಂತಿದ್ದ, ಅದು ಅವನ ಕಲ್ಪನೆಯಷ್ಟು ಚೆಂದ ಇರಲಿಲ್ಲ ಅಷ್ಟೇ.

ಸಿಕ್ಕ ಅಸ್ಥಿಪಂಜರಗಳಲ್ಲಿ ಹೆಂಗಸರದೇ ಜಾಸ್ತಿ ಅಂತ ಅವನ ತಂಡದ ಜಾರ್ಜ್ ಈಟನ್ ವರದಿ ಕೊಟ್ಟ. ಕೂಡಲೇ 'ಸೂರ್ಯಕನ್ಯೆಯರ ಮಠ' ಅನ್ನುವ ಕಥೆ ಹುಟ್ಟಿತು. ಅವೇ ಮೂಳೆಗಳನ್ನು ಎಷ್ಟೋ ವರ್ಷ ಆದಮೇಲೆ ಜಾನ್ ವೆರಾನೊ ಮತ್ತೆ ಪರೀಕ್ಷೆ ಮಾಡಿದಾಗ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಇದ್ದರು. ಸಾಮಾನ್ಯ ಸಂಸಾರಸ್ಥ ಜನ. ಕುಸ್ಕೊದ ಹಳೆಯ ಜಮೀನು ಕಾಗದಪತ್ರ ಓದಿ ಜಾನ್ ರೋ ತೋರಿಸಿದ ಪ್ರಕಾರ ಆ ಪ್ರದೇಶ 15ನೇ ಶತಮಾನದ ಪಾಚಕೂತಿ ದೊರೆಯ ಖಾಸಗಿ ಎಸ್ಟೇಟು. ರಹಸ್ಯ ನಗರದ ಕಥೆ ಬಿಡಿಸಿದ್ದು ಕಂದಾಯದ ಕಾಗದ ಅನ್ನೋದು ಪಹಣಿಗಾಗಿ ಅಲೆದ ಮನೆಗಳವರಿಗೆ ಖುಷಿ ಕೊಡೋ ವಿಷಯ. ಊರಿನ ಹೆಸರೂ ಉಳಿಯಲಿಲ್ಲ. ಇಂಕಾಗಳು ಇದನ್ನು ಕರೆಯುತ್ತಿದ್ದದ್ದು ವಾಯ್ನಾ ಪಿಚು ಅಂತ ಇರಬೇಕು ಅಂತ ದೊನಾತೊ ಅಮಾದೊ, ಬ್ರಯನ್ ಬಾವರ್ ಹಳೆಯ ನಕ್ಷೆ, ದಾಖಲೆ ಇಟ್ಟು ವಾದಿಸಿದಾರೆ.

ನೂರು ವರ್ಷದ ಹಿಂದಿನವನ ಊಹೆ ತಪ್ಪಾಗೋದು ದೊಡ್ಡ ವಿಷಯ ಅಲ್ಲ. ನನ್ನ ತಕರಾರು ಬೇರೆ. ಅವನ ಎಲ್ಲ ತಪ್ಪುಗಳೂ ಒಂದೇ ದಿಕ್ಕಿಗೆ ವಾಲುತ್ತವೆ. ರೈತ ಕಂಡರೆ ಪಕ್ಕಕ್ಕೆ ಸರಿಸು, ಕನ್ಯೆ ಕಂಡರೆ ಮುಂದಕ್ಕೆ ತಾ. ಬೆಳೆ ಕಂಡರೆ ಬಿಡು, ಕಿಟಕಿ ಕಂಡರೆ ಪುರಾಣ ಹೇಳು. ಕೆಲಸ ಮಾಡುವ ಊರನ್ನು ಬೆರಗಿನ ಊರಾಗಿ ಮಾಡೋದೇ ಈ ಪುಸ್ತಕದ ನಿಜವಾದ ವಿಧಾನ. ಪ್ಯಾಕೇಜುಗಳು ಇವತ್ತು ಮಾರುತ್ತಿರೋದೂ ಅದೇ ಬೆರಗನ್ನೇ.

ಇದಕ್ಕೆ ಮದ್ದಿನ ಹಾಗೆ ಸಿಕ್ಕಿದ್ದು ಇನ್ನೊಂದು ಪುಸ್ತಕ. ಅಮೆರಿಕದ ನೀರಾವರಿ ಎಂಜಿನಿಯರ್ ಕೆನೆತ್ ರೈಟ್ ಮತ್ತು ಕುಸ್ಕೊದ ಪುರಾತತ್ವಜ್ಞ ಆಲ್ಫ್ರೆದೊ ವಲೆನ್ಸಿಯಾ ಸೇರಿ 2000ದಲ್ಲಿ ತಂದ 'ಮಾಚು ಪಿಚು: ಎ ಸಿವಿಲ್ ಎಂಜಿನಿಯರಿಂಗ್ ಮಾರ್ವೆಲ್'. ಒಂದು ಸಾಲಿನಲ್ಲೂ ಕಾವ್ಯ ಇಲ್ಲ. ಟೇಬಲ್ಲು, ನಕ್ಷೆ, ಅಡ್ಡಕೊಯ್ತದ ಚಿತ್ರ. ಬಿ.ಇ. ಮಾಡುವಾಗ ಓದಿದ ಪಠ್ಯಪುಸ್ತಕ ನೆನಪಾಗಿ ಸ್ವಲ್ಪ ಹೊಟ್ಟೆ ತೊಳಸಿದರೂ ಆಶ್ಚರ್ಯ ಇಲ್ಲ. ಆದರೆ ಬಿಂಗ್‌ಹ್ಯಾಮ್ ಕೇಳದೇ ಬಿಟ್ಟ ಪ್ರಶ್ನೆಯನ್ನು ಇದು ಕೇಳುತ್ತೆ: ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಬೀಳುವ, ಕುಸಿಯೋಕೆ ಕಾದು ಕೂತಿರುವ ಗುಡ್ಡದ ನೆತ್ತಿಯ ಮೇಲಿನ ಊರು ಇಷ್ಟು ಶತಮಾನ ಯಾಕೆ ಜಾರಿ ಕೆಳಗೆ ಬೀಳಲಿಲ್ಲ?

ಉತ್ತರ ಕಣ್ಣಿಗೆ ಕಾಣದ ಕಡೆ ಇದೆ. ಒಟ್ಟು ಕಟ್ಟಿದ ಕೆಲಸದಲ್ಲಿ ಶೇಕಡಾ 60ರಷ್ಟು ನೆಲದೊಳಗೆ ಇದೆ ಅಂತಾನೆ ರೈಟ್. ಮೆಟ್ಟಿಲು ಹೊಲದ ಮೇಲ್ಪದರದಲ್ಲಿ ಗೋಡು ಮಣ್ಣು, ಅದರ ಕೆಳಗೆ ಮರಳು, ಜಲ್ಲಿ, ಅದಕ್ಕೂ ಕೆಳಗೆ ದೊಡ್ಡ ಕಲ್ಲು. ಬಿದ್ದ ಮಳೆ ಗೋಡೆಯನ್ನು ತಳ್ಳದೆ ಬಸಿದು ಹೋಗಬೇಕು. ಕುಡಿಯುವ ನೀರಿಗೆ ಪಕ್ಕದ ಬೆಟ್ಟದ ಒರತೆಯಿಂದ 749 ಮೀಟರ್ ಉದ್ದದ ಕಲ್ಲಿನ ಕಾಲುವೆ. ಊರೊಳಗೆ ಬಂದ ನೀರು ಒಂದರ ಕೆಳಗೊಂದು ಇರುವ 16 ಧಾರೆಗಳಲ್ಲಿ ತೊಟ್ಟಿಯಿಂದ ತೊಟ್ಟಿಗೆ ಇಳಿಯುತ್ತೆ. ಮೊದಲ ಧಾರೆ ದೊರೆಯ ಮನೆ ಪಕ್ಕ. ಅಂದ್ರೆ ಶುದ್ಧ ನೀರು ಮೊದಲು ಯಾರಿಗೆ ಅನ್ನೋದೂ ಡಿಸೈನಿನಲ್ಲೇ ಇದೆ! ಕಾಲುವೆಯ ನೀರಿಗೆ ಮೇಲಿನ ಮನೆಯವನು ಮೊದಲು ಕೈ ಹಾಕುವ ಊರಲ್ಲಿ ಬೆಳೆದವರಿಗೆ ಈ ನಕ್ಷೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ರೈಟ್ ತಂಡ ಪೂರ್ವದ ಇಳಿಜಾರಿನಲ್ಲಿ ಹೂತುಹೋಗಿದ್ದ ಹಳೆಯ ಧಾರೆಗಳನ್ನು ಅಗೆದು ಕೆಸರು ತೆಗೆದಾಗ ನೀರು ಮತ್ತೆ ಹರಿಯೋಕೆ ಶುರುವಾಯ್ತು. ಇಡೀ ಪುಸ್ತಕದಲ್ಲಿ ನನಗೆ ಮೈ ಜುಮ್ಮೆಂದ ಜಾಗ ಅದೊಂದೇ, ಅದನ್ನೂ ಅವರು ವರದಿಯ ಧಾಟಿಯಲ್ಲೇ ಬರೆದಿದಾರೆ.

ಇನ್ನೊಂದು ಲೆಕ್ಕವೂ ಇದೆ. ಮಾಚು ಪಿಚುವಿನ ಹೊಲಗಳ ಒಟ್ಟು ವಿಸ್ತೀರ್ಣ 4.9 ಹೆಕ್ಟೇರ್, ಅಂದ್ರೆ ಹನ್ನೆರಡು ಎಕರೆ. ಅಲ್ಲಿದ್ದವರ ಹೊಟ್ಟೆಗೆ ಅದು ಸಾಲದು. ಊಟ ಹೊರಗಿನಿಂದ ಬರುತ್ತಿತ್ತು. ಎಲ್ಲಿಂದ, ಯಾರ ಬೆನ್ನ ಮೇಲೆ? ಇಲ್ಲಿಗೆ ಬಂದು ಈ ಪುಸ್ತಕವೂ ಸುಮ್ಮನಾಗುತ್ತೆ. ಬಿಂಗ್‌ಹ್ಯಾಮ್ ಮನುಷ್ಯರನ್ನು ಬೆರಗಿನ ಹಿಂದೆ ಮುಚ್ಚಿಟ್ಟ, ರೈಟ್ ನಕ್ಷೆಯ ಹಿಂದೆ. ಇವರ ಪುಸ್ತಕದ 'ಇಂಕಾ ಎಂಜಿನಿಯರ್' ನಮ್ಮ ಈಗಿನ ಕನ್ಸಲ್ಟೆಂಟಿನಂತೆ ಕಾಣ್ತಾನೆ. ಸೈಟಿಗೆ ಬಂದ, ಅಳತೆ ತಗೊಂಡ, ಡಿಸೈನ್ ಕೊಟ್ಟ. ಕಲ್ಲು ಎಳೆದವನು ಕಾಣೋದಿಲ್ಲ.

ಕಲ್ಲು ಎಳೆದವರ ಲೆಕ್ಕ ಸಿಗೋದು 16ನೇ ಶತಮಾನದ ಸ್ಪ್ಯಾನಿಷ್ ಬರಹಗಾರ ಸಿಯೆಸಾ ದೆ ಲಿಯೋನ್‌ನಲ್ಲಿ. ಕುಸ್ಕೊ ಮೇಲಿನ ಸಾಕ್ಸಾಯ್ವಾಮನ್ ಕೋಟೆಗೆ ಸೀಮೆ ಸೀಮೆಗಳಿಂದ 20,000 ಜನರನ್ನು ಕರೆಸಿದರು, 4,000 ಜನ ಕಲ್ಲು ಒಡೆಯೋಕೆ, 6,000 ಜನ ಹಗ್ಗ ಕಟ್ಟಿ ಎಳೆಯೋಕೆ, ಮಿಕ್ಕವರು ಪಾಯ ಮತ್ತಿತರ ಕೆಲಸಕ್ಕೆ ಅಂತ ಅವನು ಬರೀತಾನೆ. ಇದು ಮಿತಾ ಅನ್ನುವ ಸರದಿ ಚಾಕರಿ. ನಮ್ಮ ಬಿಟ್ಟಿ ಚಾಕರಿ ನೆನಪಾಗುತ್ತೆ, ಆದರೆ ವ್ಯತ್ಯಾಸ ಇದೆ. ಸರದಿ ಮುಗಿದ ಮೇಲೆ ಮನೆಗೆ ಹೋಗಬಹುದಿತ್ತು, ಇದ್ದಷ್ಟು ದಿನ ಊಟ, ಜೋಳದ ಚಿಚಾ ರಾಜ್ಯದ್ದು. ಅದೇ ಪದ್ಧತಿಯನ್ನು ಸ್ಪ್ಯಾನಿಷರು ಪೊತೋಸಿಯ ಬೆಳ್ಳಿ ಗಣಿಗೆ ತಿರುಗಿಸಿದಾಗ ಅದು ಸಾವಿನ ಸರದಿಯಾಯ್ತು. ಕಟ್ಟಿದ ಕೈಗಳ ಬಗ್ಗೆ ಪಾಬ್ಲೊ ನೆರೂಡ 1943ರಲ್ಲಿ ಮಾಚು ಪಿಚುಗೆ ಹೋಗಿ ಬಂದು ಒಂದು ದೊಡ್ಡ ಕವಿತೆಯನ್ನೇ ಬರೆದ. ಮೂವರಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವನೇ. ಆದರೆ ಅವನೂ ಮಾತಾಡಿಸೋದು ಸತ್ತವರನ್ನು. ಅದೇ ಕೆಚುವಾ ಭಾಷೆ ಆಡುವ ಜನ ಅವತ್ತೂ ಸುತ್ತಲಿನ ಕಣಿವೆಗಳಲ್ಲಿ ಕಾಲುವೆ ಹೂಳೆತ್ತುತ್ತಿದ್ದರು. ಇವತ್ತೂ ಎತ್ತುತ್ತಾರೆ.

ಇಷ್ಟು ಓದಿದ ಮೇಲೆ ನಮ್ಮ ಎಕ್ಸೆಲ್ ಶೀಟಿನ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿದೆ: ಇಲ್ಲಿ ಕೆಲಸ ಮಾಡುತ್ತಿರುವುದು ಏನು, ಮಾಡುತ್ತಿರುವವರು ಯಾರು? 'ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ' ಅಂತಾರಲ್ಲ, ಇಂಕಾಗಳ ಊರು ನೋಡೋಕೆ ಇದಕ್ಕಿಂತ ಒಳ್ಳೆಯ ಗೈಡ್ ಇಲ್ಲ. ನೀರು ಎಲ್ಲೆಲ್ಲಿ ಹರಿಯುತ್ತೋ ಅಲ್ಲೆಲ್ಲ ಹೋಗೋದು. 14 ದಿನದಲ್ಲಿ ದಾರಿಗೆ 4 ಕಳೆದರೆ ಉಳಿಯೋದು 10 ರಾತ್ರಿ.

ಮೊದಲ 3 ರಾತ್ರಿ ಒಯಾಂತಾಯ್ತಾಂಬೊ. ಇದಕ್ಕೆ ದೇಹದ ಕಾರಣವೂ ಇದೆ. ಕುಸ್ಕೊ ಇರೋದು 3,400 ಮೀಟರ್ ಎತ್ತರದಲ್ಲಿ, ಹೋದ ದಿನವೇ ಅಲ್ಲಿ ಓಡಾಡಿದರೆ ತಲೆನೋವು, ವಾಕರಿಕೆ. ವಿಮಾನ ಇಳಿದ ದಿನವೇ 2,800 ಮೀಟರಿನ ಆಸುಪಾಸಿನ ಈ ಊರಿಗೆ ಇಳಿದುಬಿಟ್ಟರೆ ಮೈಗೆ ಹಿತ. ಆದರೆ ಪ್ಯಾಕೇಜುಗಳು ಇದನ್ನು ರೈಲು ಹತ್ತುವ ಸ್ಟೇಷನ್ ಅಷ್ಟೇ ಅಂದ್ಕೊಂಡಿವೆ. ಇಂಕಾಗಳು ಹಾಕಿದ ಬೀದಿ, ಇಂಕಾಗಳ ಅಡಿಪಾಯದ ಮೇಲಿನ ಮನೆ, ಬೀದಿ ಪಕ್ಕದ ಕಾಲುವೆಯಲ್ಲಿ ಹರಿಯುವ ನೀರು, ಆ ಮನೆಗಳಲ್ಲಿ ಇವತ್ತಿಗೂ ಸಂಸಾರ. 1537ರಲ್ಲಿ ಮಾಂಕೊ ಇಂಕಾ ಇಲ್ಲೇ ಹೆರ್ನಾಂದೊ ಪಿಜಾರೊನ ಕುದುರೆ ದಳವನ್ನು ಹಿಮ್ಮೆಟ್ಟಿಸಿದ್ದು, ಕಾಲುವೆ ತಿರುಗಿಸಿ ಬಯಲಿಗೆ ನೀರು ನುಗ್ಗಿಸಿ. ಇಲ್ಲಿಂದಲೇ ಮೊರಾಯ್‌ನ ವೃತ್ತಾಕಾರದ ಹೊಲಗಳು, ಮಾರಾಸ್‌ನ ಉಪ್ಪಿನ ಮಡಿಗಳು. ಉಪ್ಪು ನೀರಿನ ಒಂದೇ ಒರತೆಯನ್ನು ಊರಿನ ಸಂಸಾರಗಳು ಮಡಿ ಮಡಿಗೂ ಹಂಚಿಕೊಂಡು ಉಪ್ಪು ತೆಗೀತಾರೆ.

ನಾಲ್ಕನೇ ರಾತ್ರಿ ಮಾಚು ಪಿಚು ತಪ್ಪಲು, ಬೆಳಗ್ಗೆ ಮೇಲೆ. ಬಿಟ್ಟುಬಿಡುವ ಮಾತೇ ಇಲ್ಲ, ಅಷ್ಟು ದೂರ ಹೋಗಿ ಅದನ್ನು ನೋಡದೆ ಬಂದರೆ ನಮ್ಮಮ್ಮನೇ ಬೈತಾರೆ. ಆದರೆ ಅದು ಪ್ರವಾಸದ ಕೊನೆಯಲ್ಲಿ ಇಲ್ಲ, ಮಧ್ಯಕ್ಕೂ ಮುಂಚೆ ಇದೆ. ಈಗ ಒಳಗೆ ಓಡಾಡೋಕೆ ಮೂರು ಸರ್ಕಿಟ್ ಮಾಡಿದಾರೆ, ಟಿಕೆಟಿನಲ್ಲಿರುವ ದಾರಿ ಬಿಟ್ಟು ಆಚೆ ಈಚೆ ಹೋಗೋ ಹಾಗಿಲ್ಲ. ಹೆಚ್ಚು ಜನ ಆ ಒಂದು ಪೋಸ್ಟ್‌ಕಾರ್ಡ್ ಫೋಟೋ ಸಿಗುವ ದಾರಿ ಯಾವುದು ಅಂತ ನೋಡ್ತಾರೆ. ನಮಗೆ ಬೇಕಾಗಿರೋದು ಧಾರೆಗಳ ಪಕ್ಕ ಹಾದುಹೋಗುವ ದಾರಿ. ನಾಲ್ಕು ದಿನದ ಇಂಕಾ ಟ್ರೆಕ್ ಕೈಬಿಟ್ಟಿದೀವಿ. ದಿನಕ್ಕೆ 500 ಜನಕ್ಕೆ ಮಾತ್ರ ಪರವಾನಗಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮಂಥವರ ಟೆಂಟು, ಪಾತ್ರೆ ಹೊರುವ ಪೋರ್ಟರುಗಳು ಮತ್ತು ಗೈಡುಗಳು. ಹೋಗುವವರು ಹೋಗಲಿ, ಅದು ಅವರ ದುಡಿಮೆ. ಆದರೆ ಒಬ್ಬ ಪೋರ್ಟರ್ ಎಷ್ಟು ಕಿಲೋ ಹೊರ್ತಾನೆ, ರಾತ್ರಿ ಎಲ್ಲಿ ಮಲಗ್ತಾನೆ ಅಂತ ಕಂಪನಿಯನ್ನು ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ ಅಂತ ಹೇಳ್ತೀನಿ.

ಆಮೇಲೆ 4 ರಾತ್ರಿ ಕುಸ್ಕೊ, ಅಷ್ಟು ಹೊತ್ತಿಗೆ ಎತ್ತರ ಒಗ್ಗಿರುತ್ತೆ. ಕಾಸಾ ಕೊಂಚಾ ಮ್ಯೂಸಿಯಂ ಈ ಪಟ್ಟಿಯ ತಲೆಯಲ್ಲಿದೆ. ಅಧ್ಯಯನಕ್ಕೆ ಅಂತ ಬಿಂಗ್‌ಹ್ಯಾಮ್ ಮಾಚು ಪಿಚುವಿನಿಂದ ಒಯ್ದ ಮಡಿಕೆ, ಉಪಕರಣ, ಮೂಳೆಗಳು ಸುಮಾರು ನೂರು ವರ್ಷ ಯೇಲ್‌ನಲ್ಲೇ ಉಳಿದವು. ಪೆರು ಸರ್ಕಾರ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2010ರಲ್ಲಿ ಒಪ್ಪಂದ ಆಗಿ, ಮುಂದಿನ ಎರಡು ವರ್ಷಗಳಲ್ಲಿ ವಾಪಸ್ ಬಂದವು. ಈಗ ಇರೋದು ಇಲ್ಲೇ. ಬಿಂಗ್‌ಹ್ಯಾಮ್‌ನ ಪುಸ್ತಕಕ್ಕೆ ಬರೆಯದೇ ಉಳಿದ ಕೊನೆಯ ಅಧ್ಯಾಯ ಈ ಕಟ್ಟಡ. ಇದೇ ನಾಲ್ಕು ದಿನದಲ್ಲಿ ಸಾಕ್ಸಾಯ್ವಾಮನ್, ಆಮೇಲೆ ಕುಸ್ಕೊದಿಂದ 25 ಕಿಲೋಮೀಟರ್ ಆಸುಪಾಸಿನ ತಿಪೋನ್. ತಿಪೋನ್‌ನ ಮೆಟ್ಟಿಲು ಹೊಲಗಳಲ್ಲಿ ಇಂಕಾಗಳ ಕಾಲುವೆ ಇನ್ನೂ ಹರಿಯುತ್ತೆ. ಬಹಳಷ್ಟು ಪ್ಯಾಕೇಜಿನಲ್ಲಿ ಇದಕ್ಕೆ ಜಾಗವೇ ಇಲ್ಲ.

ಕೊನೆಯ 2 ರಾತ್ರಿ ಕೆವೆ ಕಡೆ, ಕೆಶ್ವಾಚಾಕಾ ಸೇತುವೆಗೆ. ನಾವು ಜೂನ್ ಆರಿಸಿಕೊಂಡಿದ್ದೇ ಇದಕ್ಕೆ. ಅಪುರಿಮಾಕ್ ನದಿಯ ಮೇಲೆ ಹುಲ್ಲಿನ ಹಗ್ಗದಿಂದ ಕಟ್ಟಿದ ಸೇತುವೆ ಅದು. ಇಂಕಾ ಕಾಲದಿಂದ ಬಂದ ವಿದ್ಯೆ. ಪ್ರತಿ ವರ್ಷ ಜೂನ್ ಎರಡನೇ ವಾರದ ಸುಮಾರಿಗೆ ನಾಲ್ಕು ಹಳ್ಳಿಗಳವರು ಸೇರಿ ಹೊಸದಾಗಿ ಕಟ್ಟುತ್ತಾರೆ. ಮನೆ ಮನೆಯಿಂದ ಹುಲ್ಲು ಬರುತ್ತೆ, ಹೆಂಗಸರು ಸಣ್ಣ ಹುರಿ ಹೊಸೀತಾರೆ, ಗಂಡಸರು ಅದನ್ನು ಹೆಣೆದು ತೋಳು ಗಾತ್ರದ ಹಗ್ಗ ಮಾಡಿ ಕಣಿವೆಗೆ ಅಡ್ಡ ಎಳೆದು ಕಟ್ತಾರೆ. ಮೂರು ದಿನ ಕೆಲಸ, ನಾಲ್ಕನೇ ದಿನ ಹಬ್ಬ. ಪಕ್ಕದಲ್ಲೇ ವಾಹನ ಹೋಗುವ ಸೇತುವೆ ಇದೆ, ಆದರೂ ಕಟ್ತಾರೆ. ಕೊರೋನಾ ಕಾಲದಲ್ಲಿ ಕಟ್ಟೋದು ನಿಂತು 2021ರಲ್ಲಿ ಹಳೆಯದು ಕಡಿದು ಬಿತ್ತು. ಅದೇ ವರ್ಷ ಮತ್ತೆ ಕಟ್ಟಿದರು. 2013ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದ್ದು ಸೇತುವೆಯನ್ನಲ್ಲ, ಕಟ್ಟುವ ಆ ವಿದ್ಯೆಯನ್ನು, ಆಚರಣೆಯನ್ನು.

ಜೂನ್ 24ರ ಇಂತಿ ರಾಯ್ಮಿ ನೋಡಲ್ವಾ ಅಂತ ಕೇಳ್ತಾರೆ. ಇಂಕಾಗಳ ಸೂರ್ಯನ ಹಬ್ಬವನ್ನು ಹಳೆಯ ಪುಸ್ತಕಗಳ ಆಧಾರದ ಮೇಲೆ 1944ರಲ್ಲಿ ನಾಟಕವಾಗಿ ಮತ್ತೆ ಕಟ್ಟಿದ್ದು ಅದು. ಕುಸ್ಕೊ ಜನಕ್ಕೆ ಅದು ಅಭಿಮಾನದ ದಿನ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ರಜೆ ಒಂದಕ್ಕೆ ಮಾತ್ರ ಸಾಲುತ್ತೆ ಅಂದಾಗ ಇಂಕಾಗಳ ಹಾಗೆ ವೇಷ ಹಾಕುವುದಕ್ಕಿಂತ ಇಂಕಾಗಳ ಹಾಗೆ ಹಗ್ಗ ಹೊಸೆಯುವುದನ್ನು ನೋಡೋಣ ಅಂತ.

ಹಾಗಾದರೆ ಬಿಂಗ್‌ಹ್ಯಾಮ್‌ನ ಪುಸ್ತಕ ಓದಬೇಕಾ? ಓದಿ. ಮೇಲೆ ಹತ್ತಿದ ಆ ಅಧ್ಯಾಯವನ್ನು ಎರಡು ಸಲ ಓದಿ. ಮೊದಲ ಸಲ ಅವನ ಜೊತೆ ಹತ್ತಿ. ಎರಡನೇ ಸಲ ಆ ಗುಡಿಸಲ ಮುಂದೆ ರಿಚಾರ್ತೆ, ಆಲ್ವಾರೆಸ್ ಪಕ್ಕ ಕೂತು, ಕೆಳಗಿನಿಂದ ಒಬ್ಬ ಬಿಳಿಯ ಏದುಸಿರು ಬಿಡ್ತಾ ಹತ್ತಿ ಬರೋದನ್ನು ನೋಡಿ. ಅವನಿಗೆ ಬಾಯಾರಿಕೆ, ಇವರು ನೀರು ಕೊಟ್ಟರು. ಸ್ವಲ್ಪ ಹೊತ್ತಿಗೆ ಅವನು ಇವರ ಊರು ಕಳೆದುಹೋಗಿತ್ತು ಅಂತ ಬರ್ಕೊಂಡು ಇಳಿದು ಹೋದ. ಮಾರನೇ ದಿನ ಇವರು ಎದ್ದು ಎಂದಿನಂತೆ ಹೊಲಕ್ಕೆ ಹೋಗಿರ್ತಾರೆ.